ದುರ್ಗದ ಧೂಳಿಗೆ ವಾರಸುದಾರರು ಯಾರು?

ಚಿತ್ರದುರ್ಗ: ಬೆಳಗ್ಗೆ ಅಂಗಡಿಯ ಷಟರ್ ಎತ್ತಿದ ಕೂಡಲೇ ದುರ್ಗದ ವರ್ತಕರಿಗೆ ಎದುರಾಗುವ ಮೊದಲ ಗಿರಾಕಿ ಧೂಳು. ರಾತ್ರಿ ಒರೆಸಿಟ್ಟು ಹೋದ ಗಾಜಿನ ಭರಣಿಯ ಮೇಲೆ ಬೆಳಗಾಗುವಷ್ಟರಲ್ಲಿ ಬೆರಳಿನಿಂದ ಹೆಸರು ಬರೆಯುವಷ್ಟು ಪುಡಿ ಕೂತಿರುತ್ತದೆ. ತಕ್ಕಡಿಯ ತಟ್ಟೆ ಒರೆಸು, ಗಲ್ಲಾಪೆಟ್ಟಿಗೆ ಒರೆಸು, ಬೆಲ್ಲದ ಅಚ್ಚಿನ ಮೇಲಿನ ಗೋಣಿತಾಟು ಕೊಡವು. ಬೋಣಿಗೆ ಮುಂಚೆ ಇದೊಂದು ನಿತ್ಯಪೂಜೆ.

ಬಸ್ಸಿಗೆ ಕಾಯುವವರ ಪಾಡೂ ಇಷ್ಟೇ. ಬಿಳಿ ಅಂಗಿ ಹಾಕಿಕೊಂಡು ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದವರು ದುರ್ಗದಲ್ಲಿ ಇಳಿಯುವಾಗ ಕಾಲರ್ ಬಣ್ಣ ಬದಲಾಗಿರುತ್ತದೆ. ಇಷ್ಟಕ್ಕೂ ಈ ಧೂಳು ಬರುವುದು ಎಲ್ಲಿಂದ? ಈ ಪ್ರಶ್ನೆಗೆ ಬಸ್ ನಿಲ್ದಾಣದಲ್ಲಿ ತಲೆಗೊಂದು ಉತ್ತರ.

"ಎಲ್ಲಾ ಆ ಅದಿರು ಲಾರಿಗಳದೇ ಕಣಣ್ಣ. ಒಂದ್ ಹೋದ್ರೆ ಹಿಂದೆ ಇನ್ನೊಂದು" ಎಂದು ಒಬ್ಬರು.

"ಲಾರಿ ಯಾಕಪ್ಪ ಬೈತೀಯ? ನಿಮ್ಮೂರ ಹೊಲದಾಗೆ ಜೋಳದ ಕಡ್ಡಿಗೆ ಬೆಂಕಿ ಇಡಲ್ವಾ?" ಎಂದು ಇನ್ನೊಬ್ಬರು.

ಜಲ್ಲಿ ಕ್ರಷರ್ ಎನ್ನುವವರುಂಟು, ಇಟ್ಟಿಗೆ ಗೂಡು ಎನ್ನುವವರುಂಟು, ಹೆದ್ದಾರಿಯ ಡೀಸೆಲ್ ಹೊಗೆ ಎನ್ನುವವರೂ ಉಂಟು. ಗಣಿಯವರು ರಸ್ತೆಯನ್ನು ತೋರಿಸುತ್ತಾರೆ, ರಸ್ತೆಯವರು ಲಾರಿಯನ್ನು, ಲಾರಿಯವರು ಹೊಲವನ್ನು. ಕೊನೆಗೆ ಧೂಳಿಗೆ ವಾರಸುದಾರರೇ ಇಲ್ಲದೆ ಅದು ಬಡವರ ಎದೆಗೂಡನ್ನು ಸೇರುತ್ತದೆ.

ಧೂಳನ್ನೇ ಕೂರಿಸಿಕೊಂಡು "ನಿನ್ನ ಊರು ಯಾವುದು?" ಎಂದು ಕೇಳುವಂತಿದ್ದರೆ? ಇದು ತಮಾಷೆಯ ಮಾತೇನಲ್ಲ. ಅಂಥ ಒಂದು ವಿದ್ಯೆ ಇದೆ. ಅದರ ಹೆಸರು ಐಸೋಟೋಪು ಪರೀಕ್ಷೆ. ಕನ್ನಡ ಪುಸ್ತಕಗಳಲ್ಲಿ ಸಮಸ್ಥಾನಿ ಎಂದು ಬರೆಯುತ್ತಾರೆ. ಗಣಿ ಬಾಧಿತರಿಗೆಂದು ಕೋಟಿಗಟ್ಟಲೆ ಹಣ ಹಂಚಿಕೆಯಾಗುತ್ತಿರುವ ಈ ಜಿಲ್ಲೆಯವರು ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಕಾಣುವ ಧೂಳು, ಕಾಣದ ಧೂಳು

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಭರಣಿಯ ಮೇಲೆ ಕೂರುವ ಧೂಳು ದಪ್ಪನೆಯದು. ಅದು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸೀನಿದರೆ, ಕೆಮ್ಮಿದರೆ ಬಹುಪಾಲು ಹೊರಬೀಳುತ್ತದೆ. ಹೆಚ್ಚು ಕೇಡು ಮಾಡುವುದು ಕಣ್ಣಿಗೆ ಕಾಣದ ಕಣ.

ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಅದರ ಏಳನೇ ಒಂದು ಪಾಲು, ಎಂದರೆ 10 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ ಪಿ.ಎಂ. 10 ಎಂದು ಹೆಸರು. ಎರಡೂವರೆ ಮೈಕ್ರಾನಿಗಿಂತ ಸಣ್ಣದು ಪಿ.ಎಂ. 2.5. ಈ ಎರಡನೆಯದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಅದರಲ್ಲಿ ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ. ಉಬ್ಬಸ, ಹೃದಯದ ಕಾಯಿಲೆ, ಲಕ್ವ ಇವುಗಳಿಗೂ ಈ ಕಣಕ್ಕೂ ನಂಟಿದೆ ಎಂಬುದು ಇಂದು ವೈದ್ಯರೆಲ್ಲ ಒಪ್ಪಿದ ಮಾತು.

2009ರಲ್ಲಿ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ ಪಿ.ಎಂ. 10 ಇದ್ದರೆ 60 ಮೈಕ್ರೋಗ್ರಾಂ, ಪಿ.ಎಂ. 2.5 ಇದ್ದರೆ 40 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇನ್ನೂ ಬಿಗಿ ಮಾಡಿ, ಸಣ್ಣ ಕಣಕ್ಕೆ ವರ್ಷಕ್ಕೆ 5 ಮೈಕ್ರೋಗ್ರಾಂ ಸಾಕು ಎಂದಿದೆ.

ಆದರೆ ಈ ಅಂಕಿಗಳು ಹೇಳುವುದು ಎಷ್ಟು ಎಂಬುದನ್ನು ಮಾತ್ರ. ಮೂಟೆ ತೂಗಿದರೆ ಐವತ್ತು ಕಿಲೋ ಎಂದು ಗೊತ್ತಾದೀತು. ಒಳಗಿರುವುದು ಯಾರ ಹೊಲದ ಶೇಂಗಾ ಎಂದು ತಕ್ಕಡಿ ಹೇಳುವುದಿಲ್ಲ.

ಹೆಸರು ಒಂದೇ, ತೂಕ ಬೇರೆ

ಅದನ್ನು ಹೇಳುವುದೇ ಐಸೋಟೋಪು. ಒಂದೇ ಮನೆಯ ಅಣ್ಣತಮ್ಮಂದಿರಂತೆ ಇವು. ಮುಖ ಒಂದೇ, ಗುಣ ಒಂದೇ, ಮೈತೂಕ ಮಾತ್ರ ಬೇರೆ. ಇಂಗಾಲವನ್ನೇ ನೋಡಿ. ಮಸಿಯಲ್ಲಿ, ಹೊಗೆಯಲ್ಲಿ, ಸೌದೆಯಲ್ಲಿ, ಡೀಸೆಲಿನಲ್ಲಿ ಇರುವುದು ಇಂಗಾಲವೇ. ಅದರಲ್ಲಿ 12, 13, 14 ಎಂದು ಮೂರು ತೂಕದವರಿದ್ದಾರೆ. ಹನ್ನೆರಡರವರದೇ ಬಹುಮತ. ಹದಿಮೂರರವರು ನೂರಕ್ಕೆ ಒಬ್ಬರು. ಹದಿನಾಲ್ಕರವರಂತೂ ಒಂದು ಲಕ್ಷ ಕೋಟಿಗೆ ಒಬ್ಬರು!

ಈ ಅಪರೂಪದ ಹದಿನಾಲ್ಕರ ಇಂಗಾಲವೇ ಪ್ರಕರಣದ ಮುಖ್ಯ ಸಾಕ್ಷಿ. ಆಕಾಶದಲ್ಲಿ ಹುಟ್ಟುವ ಅದನ್ನು ಗಿಡಮರಗಳು ಗಾಳಿಯ ಜೊತೆಗೆ ಕುಡಿಯುತ್ತವೆ. ಗಿಡ ಸತ್ತ ದಿನದಿಂದ ಅದು ಕರಗಲು ಶುರು. 5,730 ವರ್ಷಕ್ಕೆ ಅರ್ಧವಾಗುತ್ತದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲು ಕೋಟ್ಯಂತರ ವರ್ಷ ನೆಲದಡಿ ಇದ್ದ ಸರಕು. ಅವುಗಳಲ್ಲಿ ಹದಿನಾಲ್ಕರ ಇಂಗಾಲ ಪೂರ್ತಿ ಸೊನ್ನೆ. ಸೌದೆ, ಬೆರಣಿ, ಹುಲ್ಲು, ಕಡ್ಡಿ ನಿನ್ನೆ ಮೊನ್ನೆ ಬೆಳೆದವು. ಅವುಗಳಲ್ಲಿ ಅದು ತುಂಬಿರುತ್ತದೆ.

ಹಾಲಿಗೆ ನೀರು ಬೆರೆತಿದೆಯೇ ಎಂದು ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವುದಿಲ್ಲವೇ? ಇದೂ ಹಾಗೆಯೇ. ಗಾಳಿಯಿಂದ ಹಿಡಿದ ಮಸಿಯಲ್ಲಿ ಹದಿನಾಲ್ಕರ ಇಂಗಾಲ ಪೂರ್ತಿ ಇದ್ದರೆ ಅದು ಒಲೆಯದು, ಹೊಲದ ಬೆಂಕಿಯದು. ಸೊನ್ನೆಯಾಗಿದ್ದರೆ ಲಾರಿಯದು, ಕಲ್ಲಿದ್ದಲಿನದು. ಅರ್ಧ ಇದ್ದರೆ ಅರ್ಧ ಅವರದು, ಅರ್ಧ ಇವರದು. ಇಲ್ಲಿ ವಾದಕ್ಕೆ ಎಡೆ ಕಡಿಮೆ.

ಹದಿಮೂರರ ಇಂಗಾಲಕ್ಕೆ ಇನ್ನೊಂದು ಕೆಲಸ. ಮೆಕ್ಕೆಜೋಳ, ಜೋಳ, ರಾಗಿ, ಕಬ್ಬು ಇವು ಗಾಳಿಯನ್ನು ಕುಡಿಯುವ ರೀತಿಯೇ ಬೇರೆ. ಭತ್ತ, ಶೇಂಗಾ, ಹತ್ತಿ, ಅಡಿಕೆ, ಕಾಡಿನ ಮರ ಕುಡಿಯುವ ರೀತಿಯೇ ಬೇರೆ. ಅಂತರರಾಷ್ಟ್ರೀಯ ಅಳತೆಗಲ್ಲಿಗೆ ಹೋಲಿಸಿದರೆ ಮೊದಲ ಪಂಗಡದಲ್ಲಿ ಹದಿಮೂರರ ಪಾಲು ಸಾವಿರಕ್ಕೆ ಸುಮಾರು 12ರಿಂದ 14ರಷ್ಟು ಕಡಿಮೆ. ಎರಡನೇ ಪಂಗಡದಲ್ಲಿ 25ರಿಂದ 28ರಷ್ಟು ಕಡಿಮೆ. ಸುಟ್ಟು ಹೊಗೆಯಾದರೂ ಈ ಗುರುತು ಬಹುಮಟ್ಟಿಗೆ ಉಳಿಯುತ್ತದೆ. ರಾಗಿ, ಮೆಕ್ಕೆಜೋಳದ ಈ ಸೀಮೆಗೆ ಇದು ಬಹಳ ಅನುಕೂಲದ ಸಂಗತಿ. ಹೊಗೆ ಮೆಕ್ಕೆಜೋಳದ ಕಡ್ಡಿಯದೋ, ಜಾಲಿ ಸೌದೆಯದೋ ಎಂದು ಬೇರ್ಪಡಿಸಬಹುದು. ಆದರೆ ಡೀಸೆಲು ಮತ್ತು ಸೌದೆ ಈ ಲೆಕ್ಕದಲ್ಲಿ ಅಕ್ಕಪಕ್ಕದಲ್ಲೇ ನಿಲ್ಲುವುದರಿಂದ ಹದಿಮೂರರ ಸಾಕ್ಷಿ ಒಂದೇ ಸಾಲದು; ಹದಿನಾಲ್ಕರವನೂ ಕಟಕಟೆಗೆ ಬರಲೇಬೇಕು.

ಸಿಂಹಗಡದ ಸಾಕ್ಷಿ

ಇದೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರು ದುರ್ಗದಿಂದ ಹೆದ್ದಾರಿ ಹಿಡಿದು ಪುಣೆ ಕಡೆ ಹೋಗಬೇಕು. ಹಳೆಯ 4ನೇ ನಂಬರಿನ, ಈಗಿನ 48ನೇ ನಂಬರಿನ ಈ ಹೆದ್ದಾರಿ ಪುಣೆ ಮುಟ್ಟುವಲ್ಲಿ ಸಿಂಹಗಡ ಎಂಬ ಇನ್ನೊಂದು ಬೆಟ್ಟದ ಕೋಟೆ ಇದೆ. ಅದರ ಮೇಲೆ 2006ರ ಚಳಿಗಾಲದಲ್ಲಿ ಗಾಳಿಯನ್ನು ಸೋಸಿ ಕಣ ಹಿಡಿದರು. ಮಾಲ್ಡೀವ್ಸ್‌ನ ಹನಿಮಾಧು ದ್ವೀಪದಲ್ಲೂ ಅದೇ ಕೆಲಸ ನಡೆಯಿತು.

ಆಗ ವಿಜ್ಞಾನಿಗಳಲ್ಲೇ ಎರಡು ಪಂಗಡ. ಚಳಿಗಾಲದಲ್ಲಿ ಹಿಂದೂಸ್ಥಾನದ ಮೇಲೂ ಅರಬ್ಬಿ ಸಮುದ್ರದ ಮೇಲೂ ಕಂದು ಬಣ್ಣದ ಮಬ್ಬು ಕವಿಯುತ್ತದಲ್ಲ, ಅದರ ಮಸಿ ಯಾರದು ಎಂಬುದೇ ಜಗಳ. ಸೌದೆ ಎಷ್ಟು ಸುಡುತ್ತಾರೆ, ಡೀಸೆಲು ಎಷ್ಟು ಮಾರಾಟವಾಗುತ್ತದೆ ಎಂದು ಲೆಕ್ಕದ ಪುಸ್ತಕ ಹಿಡಿದವರು ಒಲೆ ಮತ್ತು ಹೊಲದ ಬೆಂಕಿಯೇ ಹೆಚ್ಚು ಎಂದರು. ಗಾಳಿಯಲ್ಲಿ ಸಿಕ್ಕ ಇತರ ರಾಸಾಯನಿಕಗಳನ್ನು ನೋಡಿದವರು ಕಲ್ಲಿದ್ದಲು, ಎಣ್ಣೆಯದೇ ಹೆಚ್ಚು ಎಂದರು.

ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರ್ಯನ್ ಗುಸ್ತಾಫ್‌ಸನ್ ಮತ್ತು ಸಂಗಡಿಗರು ಹದಿನಾಲ್ಕರ ಇಂಗಾಲವನ್ನು ಎಣಿಸಿ 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೀರ್ಪು ಪ್ರಕಟಿಸಿದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರೂ ಈ ಕೆಲಸದಲ್ಲಿ ಪಾಲುದಾರರು. ಇಂಗಾಲದ ಕಣಗಳಲ್ಲಿ ಮೂರರಲ್ಲಿ ಎರಡು ಪಾಲು ಸೌದೆ, ಬೆರಣಿ, ಬೆಳೆಯ ಕಸ ಸುಟ್ಟದ್ದು. ಅಪ್ಪಟ ಕಪ್ಪು ಮಸಿಯಲ್ಲಿ, ಅಳೆಯುವ ಕ್ರಮಕ್ಕೆ ತಕ್ಕಂತೆ, ಅರ್ಧದಿಂದ ಮೂರರಲ್ಲಿ ಎರಡು ಪಾಲು ಅದರದೇ. ಉಳಿದದ್ದು ಎಣ್ಣೆ, ಕಲ್ಲಿದ್ದಲಿನದು.

ಲಾರಿಯನ್ನೇ ಬೈಯುತ್ತಿದ್ದವರಿಗೂ, ಒಲೆಯನ್ನೇ ಬೈಯುತ್ತಿದ್ದವರಿಗೂ ಇದರಲ್ಲಿ ಪಾಠವಿದೆ. ಇಬ್ಬರದೂ ಪಾಲಿದೆ; ಒಲೆಯ ಪಾಲು ಹಲವರು ಎಣಿಸಿದ್ದಕ್ಕಿಂತ ದೊಡ್ಡದು. ಸೌದೆ ಊದುವ ಹೆಂಗಸರ ಕಣ್ಣೀರಿಗೆ ಸಿಕ್ಕ ಪುರಾವೆ ಎಂದೂ ಇದನ್ನು ಓದಬಹುದು. 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡುವ ಯೋಜನೆ ಬಂದ ಮೇಲೆ ಲೆಕ್ಕ ಬದಲಾಗಿರಬೇಕು. ಸಿಲಿಂಡರ್ ಬೆಲೆ ಏರಿದಾಗ ಒಲೆ ಮತ್ತೆ ಉರಿಯುವುದೂ ಸುಳ್ಳಲ್ಲ.

ಕಲ್ಲಿನ ಜಾತಕ

ಸರಿ, ಹೊಗೆಯ ಮಾತಾಯಿತು. ಕೆಂಪು ಧೂಳಿನ ಕಥೆ ಏನು? ಅದು ಕಲ್ಲು, ಮಣ್ಣು, ಅದಿರು. ಅದಕ್ಕೆ ಇಂಗಾಲದ ಸಾಕ್ಷಿ ಹೊಂದುವುದಿಲ್ಲ. ಅಲ್ಲಿ ಕಲ್ಲಿನ ಜಾತಕವನ್ನೇ ಬರೆಸಬೇಕು.

ದುರ್ಗದ ಕಲ್ಲಿಗೆ ಜಾತಕದ ಕೊರತೆ ಇಲ್ಲ. ಮರಡಿಹಳ್ಳಿ ಬಳಿ ದಿಂಬು ಜೋಡಿಸಿಟ್ಟಂತೆ ಕಾಣುವ ಲಾವಾ ಶಿಲೆ, ನೀರಿನಡಿ ಜ್ವಾಲಾಮುಖಿ ಉಕ್ಕಿದಾಗ ಹೆಪ್ಪುಗಟ್ಟಿದ್ದು. 250 ಕೋಟಿ ವರ್ಷಕ್ಕೂ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟೆಯ ಬೆಟ್ಟ ಕಣಶಿಲೆ. ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆ ಕಬ್ಬಿಣದ ಅದಿರಿನ ಪಟ್ಟಿ. ಹಿರಿಯೂರಿನತ್ತ ಕಪ್ಪು ಎರೆ ನೆಲ.

ಕಲ್ಲಿನಲ್ಲಿ ರುಬಿಡಿಯಂ ಎಂಬ ಧಾತು ಇರುತ್ತದೆ. ಅದರ 87ರ ತೂಕದವನು ಮೆಲ್ಲಗೆ ಸ್ಟ್ರಾನ್ಷಿಯಂ 87 ಆಗಿ ಬದಲಾಗುತ್ತಾನೆ. ಎಷ್ಟು ಮೆಲ್ಲಗೆ ಎಂದರೆ ಅರ್ಧ ಬದಲಾಗಲು ಸುಮಾರು 4,900 ಕೋಟಿ ವರ್ಷ ಬೇಕು. ಆದ್ದರಿಂದ ರುಬಿಡಿಯಂ ಹೆಚ್ಚಿರುವ ಹಳೆಯ ಕಣಶಿಲೆಯಲ್ಲಿ ಸ್ಟ್ರಾನ್ಷಿಯಂ 87ರ ಪಾಲು ಏರಿರುತ್ತದೆ. ಲಾವಾ ಶಿಲೆಯಲ್ಲಿ ಇಳಿದಿರುತ್ತದೆ. ಕಲ್ಲು ಪುಡಿಯಾಗಿ ಗಾಳಿಗೆ ಹಾರಿದರೂ ಈ ಪಾಲು ಅಳಿಯದು. ನಿಯೋಡಿಮಿಯಂ ಎಂಬ ಇನ್ನೊಂದು ಧಾತುವಿನದೂ ಇದೇ ಬಗೆಯ ಸಾಕ್ಷಿ. ಇವೆರಡನ್ನೂ ಕೂಡಿಸಿ ನೋಡಿಯೇ ಸಹರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ಸಾಗರ ದಾಟಿ ಎಲ್ಲೆಲ್ಲಿ ಬೀಳುತ್ತದೆ ಎಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದಾರೆ. ಸಾಗರ ದಾಟಿದ ಧೂಳಿನ ಊರು ಗೊತ್ತಾಗುವುದಾದರೆ, ಭೀಮಸಮುದ್ರದಿಂದ ದುರ್ಗಕ್ಕೆ ಬಂದ ಧೂಳಿನ ಊರು ಹುಡುಕಲಾಗದೇ?

ಸೀಸದ್ದೂ ಹೀಗೆಯೇ. ಸೀಸದಲ್ಲಿ 204, 206, 207, 208 ಎಂದು ನಾಲ್ಕು ತೂಕ. ಒಂದೊಂದು ಗಣಿಯ ಸೀಸದಲ್ಲಿ ಇವುಗಳ ಪಾಲು ಒಂದೊಂದು ಬಗೆ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಸೀಸದ ಐಸೋಟೋಪು ಎಣಿಸಿಯೇ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಹೇಳಿದರು. ಆ ಕೆಲಸದಲ್ಲಿ ಎಲ್ಲೆಲ್ಲೂ ಸೀಸದ ಕೊಳೆ ಕಂಡು ಬೆರಗಾಗಿ, ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ದನಿ ಎತ್ತಿದವರೂ ಅವರೇ. ಭಾರತದಲ್ಲಿ 2000ದ ಫೆಬ್ರವರಿ 1ರಿಂದ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಈಗಲೂ ಗಾಳಿಯಲ್ಲಿ ಸೀಸ ಸಿಕ್ಕಿದರೆ ಅದು ಹಳೇ ಬ್ಯಾಟರಿ ಒಡೆದದ್ದೋ, ಕಲ್ಲಿದ್ದಲಿನದೋ, ರಸ್ತೆಬದಿಯ ಹಳೇ ಮಣ್ಣಿನದೋ ಎಂದು ಹುಡುಕಲು ಈ ನಾಲ್ವರೇ ಗತಿ.

ಕಂಪಾಸಿನ ವೃತ್ತ

ಇಷ್ಟೆಲ್ಲ ಗೊತ್ತಾಗಿ ಆಗಬೇಕಾದ್ದೇನು ಎಂದು ಕೇಳಬಹುದು. ಆಗಬೇಕಾದ್ದು ಬಹಳ ಇದೆ.

ಅದಿರಿನ ಸುಗ್ಗಿಯ ಕಾಲದಲ್ಲಿ ಲಾರಿಗಳ ಸಾಲು ಕಂಡವರಿಗೆ ಹೊಸದಾಗಿ ಹೇಳಬೇಕಿಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಎರಡನೇ ವರದಿ ಬಂದದ್ದು 2011ರ ಜುಲೈನಲ್ಲಿ. ಬಳ್ಳಾರಿಯ ನಂತರ, ಅದೇ ಆಗಸ್ಟ್ 26ರಂದು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ಷರತ್ತಿನ ಮೇಲೆ ಮತ್ತೆ ದಾರಿ ತೆರೆಯಿತು. ಚಿತ್ರದುರ್ಗ, ತುಮಕೂರು ಎರಡಕ್ಕೂ ಸೇರಿ ವರ್ಷಕ್ಕೆ 50 ಲಕ್ಷ ಟನ್ ಮಿತಿ. 2017ರಲ್ಲಿ ಅದು 70 ಲಕ್ಷ ಆಯಿತು. 2022ರ ಆಗಸ್ಟ್‌ನಲ್ಲಿ ಒಂದೇ ಏಟಿಗೆ 150 ಲಕ್ಷ ಟನ್!

ಮಿತಿ ಎರಡು ಪಟ್ಟಿಗೂ ಮಿಕ್ಕಿ ಏರಿತು. ಅಷ್ಟೂ ಅದಿರು ತೆಗೆದರೆ ಲಾರಿಯೂ ಹೆಚ್ಚು, ಧೂಳೂ ಹೆಚ್ಚು. ಅದರ ಜೊತೆಗೆ ಹಣವೂ ಬರುತ್ತಿದೆ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿಕೊಂಡವು. ಗಣಿ ಗುತ್ತಿಗೆದಾರರು ರಾಜಧನದ ಮೇಲೆ ನೂರಕ್ಕೆ ಹತ್ತೋ ಮೂವತ್ತೋ ಪಾಲು ಅದಕ್ಕೆ ಕಟ್ಟಬೇಕು. ಇದಲ್ಲದೆ ಗಣಿ ಪರಿಸರ ಪುನಶ್ಚೇತನ ನಿಗಮದ ಮೂಲಕ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ.

ಈಗ ಪ್ರಶ್ನೆ: ಬಾಧಿತರು ಯಾರು? ಖನಿಜ ಪ್ರತಿಷ್ಠಾನದ ಹಣಕ್ಕೆ 2024ರ ಮಾರ್ಗಸೂಚಿ ಹೇಳುವ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿದ್ದರೆ ನೇರ ಬಾಧಿತ ಪ್ರದೇಶ. 25 ಕಿಲೋಮೀಟರ್ ಒಳಗಿದ್ದರೆ ಪರೋಕ್ಷ ಬಾಧಿತ. ನಕ್ಷೆಯ ಮೇಲೆ ಕಂಪಾಸ್ ಊರಿ ತಿರುಗಿಸಿದರೆ ಮುಗಿಯಿತು.

ಆದರೆ ಗಾಳಿ ಕಂಪಾಸ್ ಹಿಡಿದು ಬೀಸುವುದಿಲ್ಲವಲ್ಲ! ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೋಡಿದವರಿಗೆ ಗೊತ್ತು, ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಧೂಳು ಒಂದು ಕಡೆ ಉದ್ದಕ್ಕೆ ಚಾಚುತ್ತದೆ, ಇನ್ನೊಂದು ಕಡೆ ಮುಟ್ಟುವುದೇ ಇಲ್ಲ. ಅದಿರಿನ ಲಾರಿಯಂತೂ ವೃತ್ತದ ಗಡಿ ನೋಡಿ ನಿಲ್ಲುವುದಿಲ್ಲ. ಇಪ್ಪತ್ತಾರನೇ ಕಿಲೋಮೀಟರಿನಲ್ಲಿ ರಸ್ತೆಬದಿಗೆ ಅಂಗಡಿ ಇಟ್ಟವರ ಎದೆಗೆ ಅದಿರಿನ ಪುಡಿ ಹೋಗುತ್ತಿದ್ದರೂ ಕಾಗದದಲ್ಲಿ ಅವರು ಬಾಧಿತರಲ್ಲ. ವೃತ್ತದೊಳಗೇ ಗಾಳಿಗೆ ಮರೆಯಾಗಿರುವ ಊರಿಗೆ ಧೂಳು ಬಾರದಿದ್ದರೂ ಹಣ ಬಂದೀತು. ಸೋಸಿದ ಕಣದ ಜಾತಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು "ಇದು ಗಣಿಯದು, ಇದು ನಮ್ಮ ಒಲೆಯದು" ಎಂದು ಹೇಳಬಹುದು. ಇಲ್ಲದಿದ್ದರೆ ಗಂಟಲು ದೊಡ್ಡದಿದ್ದವರ ಮಾತೇ ಪುರಾವೆ.

ಇನ್ನೊಂದು ವಿಚಿತ್ರ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದರ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. 1997ರವರೆಗೆ ಇದೇ ಜಿಲ್ಲೆಯಲ್ಲಿದ್ದ ದಾವಣಗೆರೆಗೆ ಆ ಭಾಗ್ಯವಿದೆ. ಗಣಿಯನ್ನು ಮಡಿಲಲ್ಲಿಟ್ಟುಕೊಂಡ ದುರ್ಗಕ್ಕಿಲ್ಲ.

ಅಂಗಳದಲ್ಲೇ ವಿಜ್ಞಾನಿಗಳು

ಬೆಂಗಳೂರಿನ ಗಾಳಿಗೆ ಇಂಥ ತಪಾಸಣೆ ನಡೆದಿದೆ. ಆರು ಮಹಾನಗರಗಳ ಅಧ್ಯಯನದ ಭಾಗವಾಗಿ 2010ರಲ್ಲಿ ಬಂದ ಲೆಕ್ಕದಂತೆ ಅಲ್ಲಿನ ಪಿ.ಎಂ. 10ರಲ್ಲಿ ವಾಹನಗಳ ಹೊಗೆ ನೂರಕ್ಕೆ 42, ರಸ್ತೆಯ ಧೂಳು 20, ಕಟ್ಟಡ ಕೆಲಸ 14, ಕಾರ್ಖಾನೆ 14, ಜನರೇಟರ್ 7, ಮನೆಯ ಒಲೆ 3. ಇದು ಹೆಚ್ಚಾಗಿ ಎಷ್ಟು ವಾಹನ, ಎಷ್ಟು ಇಂಧನ ಎಂಬ ಲೆಕ್ಕದಿಂದ ಬಂದದ್ದೇ ಹೊರತು ಐಸೋಟೋಪಿನಿಂದಲ್ಲ. ಬೆಂಗಳೂರಿನ ಆ ಲೆಕ್ಕವನ್ನು ತಂದು ದುರ್ಗಕ್ಕೆ ಹಚ್ಚಿದರೆ ಬೇರೆಯವರ ಕನ್ನಡಕ ಹಾಕಿಕೊಂಡಂತಾದೀತು. ಅಲ್ಲಿ ಗಣಿಯಿಲ್ಲ, ಮೆಕ್ಕೆಜೋಳದ ಕಡ್ಡಿಯಿಲ್ಲ.

ದುರ್ಗಕ್ಕೆ ಒಂದು ಅನುಕೂಲವುಂಟು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಗಾಳಿಯ ಕಣಗಳನ್ನು ಅಳೆಯುವ ಹವಾಮಾನ ವೀಕ್ಷಣಾಲಯವೂ ಅಲ್ಲಿದೆ. ಐಸೋಟೋಪು ಎಣಿಸುವ ದೊಡ್ಡ ಯಂತ್ರಗಳು ದೇಶದಲ್ಲೇ ಇವೆ: ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ, ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ. ಇಲ್ಲಿ ಹಿಡಿದ ಕಣವನ್ನು ಅಲ್ಲಿಗೆ ಕಳಿಸಿದರಾಯಿತು; ಸಾಗಿಸಬೇಕಾದ್ದು ಒಂದು ಸೋಸು ಹಾಳೆ ಅಷ್ಟೇ.

ಕೆಲಸದ ಕ್ರಮವೂ ಕಬ್ಬಿಣದ ಕಡಲೆಯೇನಲ್ಲ. ಮೊದಲು ಆರೋಪಿಗಳ ಬೆರಳಚ್ಚು ತೆಗೆಯಬೇಕು: ಗಣಿಯ ಅದಿರು, ರಸ್ತೆಯ ಮಣ್ಣು, ಕ್ರಷರಿನ ಪುಡಿ, ಹೊಲದ ಎರೆ, ಇಟ್ಟಿಗೆ ಗೂಡಿನ ಬೂದಿ, ಒಲೆಯ ಮಸಿ. ಆಮೇಲೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಪಂಪು ಇಟ್ಟು, ಬೇಸಿಗೆ, ಮುಂಗಾರು, ಚಳಿಗಾಲ ಮೂರರಲ್ಲೂ ಗಾಳಿ ಸೋಸಬೇಕು. ಎರಡನ್ನೂ ತಾಳೆ ನೋಡಬೇಕು. ಸ್ಥಳೀಯ ಬೆರಳಚ್ಚು ಇಲ್ಲದೆ ಯಂತ್ರ ಎಷ್ಟು ದೊಡ್ಡದಿದ್ದರೂ ದಂಡ.

ಈ ವಿದ್ಯೆಗೂ ಮಿತಿಯಿದೆ. ಹೊಗೆ ಡೀಸೆಲಿನದೆಂದು ಅದು ಹೇಳೀತು. ಯಾವ ನಂಬರಿನ ಲಾರಿ ಎಂದು ಹೇಳದು. ಧೂಳು ಅದಿರಿನ ಪಟ್ಟಿಯದೆಂದು ಹೇಳೀತು. ಅಕ್ಕಪಕ್ಕದ ಎರಡು ಗಣಿಗಳ ಅದಿರು ಒಂದೇ ಬಗೆಯದಾದರೆ ಯಾವ ಯಜಮಾನರದು ಎಂದು ಬಿಡಿಸದು. ಅಲ್ಲಿಗೆ ಗಾಳಿಯ ದಿಕ್ಕು, ಲಾರಿಯ ಪರ್ಮಿಟ್ಟು, ಜನರ ಮಾತು ಜೊತೆಗೂಡಬೇಕು.

ಜಾತಕ ಬರುವವರೆಗೆ ಕೈಕಟ್ಟಿ ಕೂರಬೇಕೆಂದೂ ಇಲ್ಲ. ಅದಿರಿನ ಲಾರಿಗೆ ಟಾರ್ಪಾಲು ಬಿಗಿಯಾಗಿ ಕಟ್ಟುವುದಕ್ಕೆ, ಮಣ್ಣು ರಸ್ತೆಗೆ ದಿನಕ್ಕೆರಡು ಸಲ ನೀರು ಚಿಮುಕಿಸುವುದಕ್ಕೆ, ಕಡ್ಡಿ ಸುಡುವ ಬದಲು ಮಣ್ಣಿಗೆ ಸೇರಿಸುವುದಕ್ಕೆ ಯಾವ ಯಂತ್ರದ ಅಪ್ಪಣೆಯೂ ಬೇಡ.

ಕೋಟಿಗಟ್ಟಲೆ ಹಣದಲ್ಲಿ ಸಮುದಾಯ ಭವನ ಏಳುತ್ತದೆ, ರಸ್ತೆಯಾಗುತ್ತದೆ, ಕಮಾನೂ ನಿಲ್ಲುತ್ತದೆ. ಅದರಲ್ಲೊಂದು ಚೂರು ತೆಗೆದು ನಾಲ್ಕು ತಾಲ್ಲೂಕಿನ ಗಾಳಿಗೊಂದು ಜಾತಕ ಬರೆಸಿದರೆ ತಪ್ಪೇನು? ಜಿಲ್ಲಾಧಿಕಾರಿಗಳ ಸಭೆಯಲ್ಲಿ ಈ ಮಾತು ಎತ್ತುವ ಸದಸ್ಯರು ಒಬ್ಬರಾದರೂ ಇರಲಿ.

ಅಲ್ಲಿಯವರೆಗೆ ದುರ್ಗದ ವರ್ತಕರು ಬೆಳಗ್ಗೆ ಷಟರ್ ಎತ್ತಿ, ಹೆಗಲ ಮೇಲಿನ ಬಟ್ಟೆಯಿಂದ ಭರಣಿ ಒರೆಸುತ್ತಿರುತ್ತಾರೆ. "ಎಲ್ಲಿಂದ ಬತ್ತೈತೋ ಏನೋ, ಒರೆಸಿದಷ್ಟೂ ಐತೆ" ಎಂಬುದು ಅವರ ನಿತ್ಯದ ಮಾತು. ಎಲ್ಲಿಂದ ಎಂದು ಹೇಳುವ ವಿದ್ಯೆ ಇದೆ. ಕೇಳುವವರು ಬೇಕು.